ಅಜ್ಜಿಯ ಹೆಸರು ಕೋರ್ಟಿನ ಕಡತದಲ್ಲಿದೆ

ಪೌತಿ ಖಾತೆಗೆಂದು ನಾಡಕಚೇರಿಗೆ ಕೊಡುವ ವಂಶವೃಕ್ಷಗಳನ್ನು ಒಮ್ಮೆ ಗಮನಿಸಿ. ಮೇಲೆ ಮುತ್ತಜ್ಜನ ಹೆಸರು. ಅವನ ಕೆಳಗೆ ಮೂವರು ಗಂಡುಮಕ್ಕಳು, ಅವರ ಕೆಳಗೆ ಮತ್ತೆ ಗಂಡುಮಕ್ಕಳು. ಮುತ್ತಜ್ಜನ ಹೆಂಡತಿಯ ಹೆಸರೇನು ಎಂದು ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವನ ಹೆಣ್ಣುಮಕ್ಕಳೆಷ್ಟು ಎಂದು ಕೇಳಿದರೆ, ‘ಅವರೆಲ್ಲ ಕೊಟ್ಟ ಮನೆಗೆ ಹೋದರು’ ಎಂಬ ಉತ್ತರ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರುಗಟ್ಟಲೆ ಒಪ್ಪಿಸುತ್ತಾರೆ. ಅಲ್ಲಿಯೂ ಎಳೆ ಸಾಗುವುದು ಹೆಚ್ಚಾಗಿ ಗಂಡಸರ ಹೆಸರಿನ ಮೇಲೆಯೇ.

ಓದು ಬರಹ ಬಾರದ ಹಳ್ಳಿಯ ಹೆಣ್ಣುಮಗಳು ತನ್ನ ಹೆಸರು, ವಯಸ್ಸು, ಊರು, ಕಸುಬು ಹೇಳಿ, ತನ್ನ ಮಾತನ್ನು ಬರೆಸಿ, ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ ಜಾಗ ಒಂದಿದೆ. ಅದು ಕೋರ್ಟು. ಜೀವನಾಂಶ ಕೇಳಿದ ಹೆಂಡತಿ, ಮೈದುನರ ಮೇಲೆ ದಾವೆ ಹೂಡಿದ ವಿಧವೆ, ದತ್ತಕದ ಬಗ್ಗೆ ಸಾಕ್ಷಿ ಹೇಳಿದ ಸೋದರತ್ತೆ, ಇವರೆಲ್ಲ ಅಲ್ಲಿದ್ದಾರೆ. ನಮ್ಮ ಊರುಗಳ ಇತಿಹಾಸ ಬರೆಯುವವರು ಶಾಸನ, ಕೈಫಿಯತ್ತು, ಗೆಜೆಟಿಯರುಗಳನ್ನು ಹುಡುಕುತ್ತಾರೆ. ತಾಲ್ಲೂಕು ಕೋರ್ಟಿನ ರೆಕಾರ್ಡ್ ರೂಮಿನ ಬಾಗಿಲು ತಟ್ಟುವವರು ಕಡಿಮೆ. ತಟ್ಟುವ ಮೊದಲು ಒಂದಷ್ಟು ಇತಿಹಾಸ ಗೊತ್ತಿರಬೇಕು. ಇಲ್ಲದಿದ್ದರೆ ತಪ್ಪು ಊರಿನಲ್ಲಿ, ತಪ್ಪು ಕೋರ್ಟಿನಲ್ಲಿ, ತಪ್ಪು ಭಾಷೆಯ ಕಡತ ಹುಡುಕುತ್ತಾ ತಿಂಗಳುಗಳು ಕಳೆಯುತ್ತವೆ.

ಆ ವರ್ಷ ನಿಮ್ಮೂರು ಯಾರ ಆಡಳಿತದಲ್ಲಿತ್ತು?

ಇದು ಮೊದಲ ಪ್ರಶ್ನೆ. ಇಂದಿನ ಕರ್ನಾಟಕ ಒಂದೇ ಹೈಕೋರ್ಟಿನ ಕೆಳಗೆ ಬಂದದ್ದು 1956ರ ಏಕೀಕರಣದ ನಂತರ. ಅದಕ್ಕೂ ಹಿಂದಿನ ಕಡತವಾದರೆ ಊರಿನ ಹಣೆಬರಹ ಬೇರೆಯೇ.

ಹಳೇ ಮೈಸೂರಿನಲ್ಲಿ 1831ರಲ್ಲಿ ಬ್ರಿಟಿಷ್ ಕಮಿಷನರುಗಳು ಆಡಳಿತ ವಹಿಸಿಕೊಂಡ ಮೇಲೆ ಮುನ್ಸೀಫರು, ಅಮಲ್ದಾರರು ಕೆಳಹಂತದ ದಾವೆ ಕೇಳುತ್ತಿದ್ದರು. ಮೇಲೆ ಹುಜೂರ್ ಅದಾಲತ್ ಇತ್ತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. 1884ರಲ್ಲಿ ಮೈಸೂರು ಚೀಫ್ ಕೋರ್ಟ್ ಸ್ಥಾಪನೆಯಾಯಿತು, 1930ರಲ್ಲಿ ಅದೇ ಹೈಕೋರ್ಟ್ ಆಯಿತು. ಮೈಸೂರು ಸಂಸ್ಥಾನವಾದ್ದರಿಂದ ಇಲ್ಲಿನ ಜಗಳಗಳು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತಿರಲಿಲ್ಲ.

ಧಾರವಾಡ, ಬೆಳಗಾವಿ, ವಿಜಯಪುರದವರ ಮೇಲ್ಮನವಿ ಮುಂಬೈಗೆ ಹೋಗುತ್ತಿತ್ತು, ಅಲ್ಲಿಂದ 1949ರವರೆಗೆ ಲಂಡನ್ನಿಗೂ. ಹೀಗಾಗಿ ಧಾರವಾಡ ಸೀಮೆಯ ಯಾವುದೋ ಗೌಡಕಿ ಮನೆತನದ ದತ್ತಕದ ಜಗಳ, ವಂಶವೃಕ್ಷದ ಸಮೇತ, ಅಚ್ಚಾದ ತೀರ್ಪಿನಲ್ಲಿ ಇಂದಿಗೂ ಓದಲು ಸಿಗಬಹುದು. ಉತ್ತರ ಕನ್ನಡ 1862ರವರೆಗೆ ಮದ್ರಾಸಿನ ಕೆಳಗಿತ್ತು, ನಂತರ ಮುಂಬೈಗೆ ಸೇರಿತು. ದಕ್ಷಿಣ ಕನ್ನಡ 1956ರವರೆಗೂ, ಬಳ್ಳಾರಿ 1953ರವರೆಗೂ ಮದ್ರಾಸಿನದೇ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನವು. ಅಲ್ಲಿನ ಫೈಸಲಾಗಳು ಉರ್ದುವಿನಲ್ಲಿವೆ. ಕೊಡಗು ಚೀಫ್ ಕಮಿಷನರ ಪ್ರಾಂತ್ಯ. ಇವುಗಳ ನಡುವೆ ಜಮಖಂಡಿ, ಮುಧೋಳ, ಸವಣೂರು, ರಾಮದುರ್ಗ, ಸಂಡೂರಿನಂಥ ಸಣ್ಣ ಸಂಸ್ಥಾನಗಳು. ತೇರದಾಳ, ಶಿರಹಟ್ಟಿಗಳು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಪಕ್ಕದ ಊರಿನವರು ಧಾರವಾಡದ ಕೋರ್ಟಿಗೆ ಹೋಗುತ್ತಿದ್ದಾಗ ಶಿರಹಟ್ಟಿಯವರ ದಾರಿಯೇ ಬೇರೆ ಇತ್ತು.

ಗಡಿ ಬದಲಾದಾಗ ಜನ ಅಲ್ಲೇ ಉಳಿದರು, ಕಾಗದಗಳು ಎಲ್ಲೆಲ್ಲೋ ಹೋದವು. ಮೇಲಿನ ಹಂತದ ಹಳೆಯ ನ್ಯಾಯಾಂಗ ದಾಖಲೆ ಬೇಕಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರದ ಜೊತೆಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ಮುಂಬೈನ ಮಹಾರಾಷ್ಟ್ರ ಪತ್ರಾಗಾರ, ಹೈದರಾಬಾದಿನ ತಾರ್ನಾಕಾದ ಪತ್ರಾಗಾರಗಳನ್ನೂ ನೆನಪಿಡಬೇಕು. ಬೆಳಗಾವಿ, ಧಾರವಾಡ ಕಡೆಯ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯೂ ಎದುರಾಗುತ್ತದೆ.

ಇತ್ತೀಚಿನ ಬದಲಾವಣೆಗಳನ್ನೂ ಮರೆಯಬಾರದು. ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉಡುಪಿ, ದಾವಣಗೆರೆ, ಚಾಮರಾಜನಗರ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಮೊದಲಿನ ಜಿಲ್ಲಾ ಕೋರ್ಟಿನ ಕಡತವನ್ನು ಹಳೆಯ ಜಿಲ್ಲಾ ಕೇಂದ್ರದಲ್ಲೂ ವಿಚಾರಿಸಬೇಕು.

ಒಂದೇ ಮನೆಯ ಜಗಳ, ಹಲವು ಕೋರ್ಟು

ಎರಡನೆಯ ಪ್ರಶ್ನೆ, ಜಗಳ ಯಾವುದರ ಬಗ್ಗೆ? ‘ಕೌಟುಂಬಿಕ ನ್ಯಾಯಾಲಯ’ ಎಂಬ ಹೆಸರೇ ಹೊಸದು. ಅದಕ್ಕೆ ಆಧಾರವಾದ ಕಾಯ್ದೆ 1984ರದ್ದು. ಅದಕ್ಕಿಂತ ಮೊದಲು ಒಂದೇ ಮನೆಯ ಕಷ್ಟಗಳು ಬೇರೆ ಬೇರೆ ಕೋರ್ಟುಗಳಲ್ಲಿ ಹಂಚಿಹೋಗುತ್ತಿದ್ದವು.

ಪಾಲು, ದತ್ತಕ, ವಿಧವೆಯ ಹಕ್ಕಿನ ದಾವೆಗಳು ಮುನ್ಸೀಫ್ ಅಥವಾ ಅದರ ಮೇಲಿನ ಸಿವಿಲ್ ಕೋರ್ಟಿನಲ್ಲಿ ‘ಓ.ಎಸ್.’ ನಂಬರಿನಡಿ ದಾಖಲಾಗುತ್ತಿದ್ದವು. ಅಣ್ಣತಮ್ಮಂದಿರ ಪಾಲಿನ ದಾವೆ ಇಂದಿಗೂ ಸಿವಿಲ್ ಕೋರ್ಟಿನದೇ, ಕೌಟುಂಬಿಕ ನ್ಯಾಯಾಲಯದ್ದಲ್ಲ. ತಂದೆ ಸತ್ತ ಮಕ್ಕಳ ಪಾಲಕತ್ವಕ್ಕೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಜಿಲ್ಲಾ ಕೋರ್ಟಿಗೆ ಅರ್ಜಿ ಹೋಗುತ್ತಿತ್ತು.

ಗಂಡ ಬಿಟ್ಟ ಹೆಂಡತಿ ಅನ್ನ ಬಟ್ಟೆಗೆ ಕೇಳಿದ ಅರ್ಜಿ ಮಾತ್ರ ಸಿವಿಲ್ ಕೋರ್ಟಿನಲ್ಲಿ ಸಿಗುವುದಿಲ್ಲ. ಅದು ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತಿತ್ತು. 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 488ನೇ ಕಲಂ, 1973ರ ಸಂಹಿತೆಯಲ್ಲಿ 125ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೇ ಕಲಂ, ಒಂದೇ ಹಕ್ಕಿನ ಮೂರು ನಂಬರುಗಳು. 1973ರ ಸಂಹಿತೆ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಹಾಕಿತ್ತು. ಅದು ತೆಗೆದುಹೋದದ್ದು 2001ರಲ್ಲಿ. ಅಜ್ಜಿ ‘ಕೋರ್ಟಿಗೆ ಹೋಗಿದ್ದಳು’ ಎಂದು ಮನೆಯವರು ಹೇಳಿದರೆ, ಹೊಲಕ್ಕೋ ಅನ್ನಕ್ಕೋ ಎಂದು ಕೇಳಿಕೊಳ್ಳಿ. ಹುಡುಕಬೇಕಾದ ರಿಜಿಸ್ಟರ್ ಯಾವುದು ಎಂಬುದು ಆ ಉತ್ತರದ ಮೇಲೆ ನಿಂತಿದೆ.

ವಿಚ್ಛೇದನದ ಮಾತೂ ಹೀಗೆಯೇ. ಮುಂಬೈ ಪ್ರಾಂತ್ಯದಲ್ಲಿ ಹಿಂದೂಗಳಿಗೆ ವಿಚ್ಛೇದನದ ಕಾಯ್ದೆ ಬಂದದ್ದು 1947ರಲ್ಲಿ, ಮದ್ರಾಸಿನಲ್ಲಿ 1949ರಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ಹಿಂದೂ ವಿವಾಹ ಕಾಯ್ದೆ 1955ರದ್ದು. ಆದರೆ ನಮ್ಮ ಅನೇಕ ದುಡಿಯುವ ಜಾತಿಗಳಲ್ಲಿ ಬಿಡುಗಡೆ, ಕೂಡಿಕೆ, ಉಡಿಕೆಗಳು ಅದಕ್ಕಿಂತ ಎಷ್ಟೋ ಹಿಂದಿನಿಂದ ನಡೆದುಬಂದಿದ್ದವು. ಅವು ತೀರ್ಮಾನವಾಗುತ್ತಿದ್ದದ್ದು ಕುಲದ ಪಂಚಾಯ್ತಿಯಲ್ಲಿ, ಕಟ್ಟೆಮನೆಯಲ್ಲಿ. ಕೋರ್ಟಿನಲ್ಲಿ ಕಾಗದವಿಲ್ಲ ಎಂದ ಮಾತ್ರಕ್ಕೆ ಜಗಳವೂ ಇರಲಿಲ್ಲ ಎಂದು ಬರೆಯುವಂತಿಲ್ಲ.

ಹೆಣ್ಣು ಯಾಕೆ ಕೋರ್ಟಿಗೆ ಬಂದಳು?

ಕಡತದಲ್ಲಿ ಹೆಣ್ಣಿನ ಹೆಸರು ಇದೆಯೋ ಇಲ್ಲವೋ ಎಂಬುದು ಆ ಸೀಮೆಯ ಕಾನೂನು ಅವಳಿಗೆ ಏನು ಕೊಟ್ಟಿತ್ತು ಎಂಬುದರ ಮೇಲೆ ನಿಂತಿರುತ್ತದೆ.

ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳ ಕಾಯ್ದೆ ತಂದಿತು. ಅವಿಭಕ್ತ ಕುಟುಂಬ ಪಾಲಾಗುವಾಗ ತಾಯಿ, ಮದುವೆಯಾಗದ ಹೆಣ್ಣುಮಕ್ಕಳು, ಗಂಡುಸಂತಾನವಿಲ್ಲದೆ ತೀರಿಕೊಂಡವರ ವಿಧವೆಯರಿಗೆ ಪಾಲಿನ ಹಕ್ಕನ್ನು ಅದು ಕೊಟ್ಟಿತು. ಬ್ರಿಟಿಷ್ ಭಾರತದಲ್ಲಿ 1937ರಲ್ಲಿ ಬಂದ ಕಾಯ್ದೆ ವಿಧವೆಯರಿಗಷ್ಟೇ, ಅದೂ ಅವರ ಜೀವಮಾನದ ಮಟ್ಟಿಗೆ ಹಕ್ಕು ಕೊಟ್ಟಿತ್ತು. ಹೀಗಾಗಿ 1933ರ ನಂತರದ ಮೈಸೂರು ಸೀಮೆಯ ಪಾಲಿನ ದಾವೆಯಲ್ಲಿ ಮದುವೆಯಾಗದ ಮಗಳ ಹೆಸರು ಹುಡುಕುವುದಕ್ಕೆ ಕಾರಣವಿದೆ. ಅದೇ ಕಾಲದ ಧಾರವಾಡದ ದಾವೆಯಲ್ಲಿ ಪಾಲುದಾರಳಾಗಿ ಕಾಣಿಸಿಕೊಳ್ಳುವವಳು ಹೆಚ್ಚಾಗಿ ವಿಧವೆ. ತುಮಕೂರಿನ ಹೆಣ್ಣುಮಗಳಿಗೂ ಧಾರವಾಡದ ಹೆಣ್ಣುಮಗಳಿಗೂ ಭಾಷೆ ಒಂದೇ, ಕಾನೂನು ಬೇರೆ.

ವಿಧವೆಯ ಕಡತಗಳಲ್ಲಿ ಇನ್ನೊಂದು ಕಹಿ ಇದೆ. 1856ರ ವಿಧವಾ ಪುನರ್ವಿವಾಹ ಕಾಯ್ದೆಯನ್ನು ನಾವು ಸುಧಾರಣೆಯೆಂದು ಓದಿದ್ದೇವೆ. ಅದರ ಎರಡನೇ ಕಲಂ ಪ್ರಕಾರ ಮರುಮದುವೆಯಾದ ವಿಧವೆ ತೀರಿಕೊಂಡ ಗಂಡನ ಆಸ್ತಿಯ ಮೇಲಿನ ಹಕ್ಕು ಕಳೆದುಕೊಳ್ಳುತ್ತಿದ್ದಳು. ಮೊದಲಿನಿಂದಲೂ ಮರುಮದುವೆಯ ರೂಢಿ ಇದ್ದ ಜಾತಿಗಳಿಗೂ ಬಾಂಬೆ ಹೈಕೋರ್ಟ್ ಇದನ್ನು ಅನ್ವಯಿಸಿತು. ಆಗ ಹೊಲಕ್ಕಾಗಿ ಕಾದಿದ್ದ ಮೈದುನರಿಗೆ ಒಂದು ದಾರಿ ಸಿಕ್ಕಿತು, ಅತ್ತಿಗೆಗೆ ಉಡಿಕೆಯಾಗಿದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವುದು. ಇಂಥ ದಾವೆಗಳಲ್ಲಿ ಸೀರೆ ಯಾರು ತಂದರು, ಯಾವ ದಿನ, ಯಾರೆದುರು ಎಂಬ ಸಾಕ್ಷಿಗಳೇ ಮುಖ್ಯ. ಒಬ್ಬ ಹೆಣ್ಣುಮಗಳ ಮಾನ ಹರಾಜಿಗಿಟ್ಟ ಅದೇ ಕಾಗದದಲ್ಲಿ ಆ ಕಾಲದ ಮದುವೆಯ ರೂಢಿಗಳ ವಿವರವೂ ಉಳಿದಿದೆ.

ಕರಾವಳಿಯದು ಬೇರೆಯೇ ಲೆಕ್ಕ. ಅಳಿಯಸಂತಾನದಲ್ಲಿ ವಂಶ ಸಾಗುವುದೇ ತಾಯಿಯಿಂದ. ಅಲ್ಲಿನ ಕಡತದ ವಂಶವೃಕ್ಷದ ತುದಿಯಲ್ಲಿ ಹೆಂಗಸೇ ಇರುತ್ತಾಳೆ, ಹೆಸರಿನ ಮುಂದೆ ‘ಹೆಂಗ್ಸು’ ಎಂದು ಸೇರಿಸಿ ಬರೆಯುವ ರೂಢಿಯೂ ಇತ್ತು. 1863ರಲ್ಲಿ ಮದ್ರಾಸ್ ಹೈಕೋರ್ಟ್, ಅಳಿಯಸಂತಾನ ಕುಟುಂಬದ ಒಬ್ಬರು ಕೇಳಿದರೆಂದು ಆಸ್ತಿಯನ್ನು ಬಲವಂತವಾಗಿ ಪಾಲು ಮಾಡುವಂತಿಲ್ಲ ಎಂದಿತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದು ಕವರುಗಳಿಗೆ ಪಾಲು ಕೇಳುವ ಹಕ್ಕು ಸಿಕ್ಕಿತು. ಹಾಗಾಗಿ ದಕ್ಷಿಣ ಕನ್ನಡ, ಉಡುಪಿಯ ಮನೆತನದ ಪೂರ್ತಿ ವಂಶಾವಳಿ ಬೇಕಿದ್ದವರು 1949ರ ನಂತರದ ಪಾಲಿನ ದಾವೆಗಳಿಂದ ಶುರುಮಾಡುವುದು ಒಳ್ಳೆಯದು.

ನಂಬರು ಸಿಕ್ಕರೆ ಅರ್ಧ ಕೆಲಸ

ರೆಕಾರ್ಡ್ ರೂಮಿನಲ್ಲಿ ಕಡತಗಳು ಕೂರುವುದು ಹೆಸರಿನ ಮೇಲಲ್ಲ, ನಂಬರಿನ ಮೇಲೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಪ್ರತಿ ಕೋರ್ಟೂ ದಾವೆಗಳ ರಿಜಿಸ್ಟರ್ ಇಡಬೇಕು, ಪ್ರತಿ ವರ್ಷ ಹೊಸದಾಗಿ ನಂಬರು ಹಾಕಬೇಕು. ಆದ್ದರಿಂದ ನಂಬರು ಮತ್ತು ವರ್ಷ ಎರಡೂ ಬೇಕು. ಅವನ್ನು ಹುಡುಕುವ ದಾರಿ ಕೋರ್ಟಿನ ಹೊರಗೇ ಇದೆ.

ಮೊದಲನೆಯದು ಹೊಲದ ದಾಖಲೆ. ಪಾಲಿನ ಡಿಕ್ರಿಯಾದ ಮೇಲೆ ಖಾತೆ ಬದಲಾಗಬೇಕು. ಮ್ಯುಟೇಶನ್ ರಿಜಿಸ್ಟರಿನಲ್ಲಿ ‘ಕೋರ್ಟ್ ಡಿಕ್ರಿ ಪ್ರಕಾರ’ ಎಂಬ ಷರಾ, ಹಲವು ಸಲ ದಾವೆಯ ನಂಬರಿನ ಸಮೇತ ಸಿಗುತ್ತದೆ. ಕಂದಾಯ ಕಟ್ಟುವ ಜಮೀನಿನ ಪಾಲನ್ನು ಕೋರ್ಟ್ ತಾನೇ ಅಳೆದುಕೊಡುವುದಿಲ್ಲ, ಸಂಹಿತೆಯ 54ನೇ ಕಲಂ ಪ್ರಕಾರ ಆ ಕೆಲಸ ಜಿಲ್ಲಾಧಿಕಾರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರರಿಗೆ, ಸರ್ವೆಯವರಿಗೆ. ಕೋರ್ಟಿನಲ್ಲಿ ಕಳೆದುಹೋದ ಡಿಕ್ರಿಯ ಪ್ರತಿಯನ್ನು ತಾಲ್ಲೂಕು ಕಚೇರಿಯ ಕಡತದಲ್ಲಿ ಹುಡುಕಬೇಕಾದದ್ದು ಇದೇ ಕಾರಣಕ್ಕೆ.

ಎರಡನೆಯದು ಮನೆಯ ಟ್ರಂಕು. ಹಳೆಯ ಕ್ರಯಪತ್ರ, ಪಾಲುಪಟ್ಟಿ, ಉತ್ತರ ಕರ್ನಾಟಕದವರ ವಾಟ್ನಿ ಪತ್ರಗಳಲ್ಲಿ ‘ಇಂಥ ದಾವೆಯಲ್ಲಿ ನನಗೆ ಬಂದ ಜಮೀನು’ ಎಂಬ ಸಾಲು ಇದ್ದರೆ ಅಲ್ಲೇ ನಂಬರಿರುತ್ತದೆ. ಮೂರನೆಯದು ಮೇಲ್ಮನವಿ. ದಾವೆ ಮೇಲಿನ ಕೋರ್ಟಿಗೆ ಹೋಗಿದ್ದರೆ ಕೆಳಗಿನ ಕಡತವನ್ನೂ ತರಿಸಿಕೊಂಡಿರುತ್ತಾರೆ. ಮುನ್ಸೀಫ್ ಕೋರ್ಟಿನಲ್ಲಿ ಇಲ್ಲದ್ದು ಜಿಲ್ಲಾ ಕೋರ್ಟಿನಲ್ಲಿ ಇರಬಹುದು.

ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು, ವರ್ಷ ಹಾಕಿ ಹುಡುಕುವ ಸೌಲಭ್ಯವಿದೆ. ಆದರೆ ಆ ಯೋಜನೆ ಶುರುವಾದದ್ದೇ 2007ರಲ್ಲಿ. ಅಜ್ಜಿಯ ಕಾಲದ ದಾವೆಗೆ ರಿಜಿಸ್ಟರಿನ ಪುಟಗಳನ್ನು ತಿರುವಿಯೇ ನೋಡಬೇಕು. ಹುಡುಕುವಾಗ ಹೆಸರಿನ ಎಲ್ಲ ರೂಪಗಳನ್ನೂ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಗೌರವ್ವ ಆದವಳು ಕಡತದಲ್ಲಿ ಗೌರಮ್ಮ, ಗೌರಾಬಾಯಿ ಆಗಿರಬಹುದು. ತವರಿನ ಹೆಸರು ಒಂದು, ಮದುವೆಯಲ್ಲಿ ಇಟ್ಟ ಹೆಸರು ಇನ್ನೊಂದು ಇರುವ ಮನೆಗಳೂ ಇವೆ.

ನಕಲು ಪಡೆಯುವುದು

ಕೋರ್ಟಿನ ತೀರ್ಪು, ಡಿಕ್ರಿಗಳು ಸಾರ್ವಜನಿಕ ದಸ್ತಾವೇಜು. ಹಳೆಯ ಸಾಕ್ಷ್ಯ ಕಾಯ್ದೆಯ 76ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಸಾಕ್ಷ್ಯ ಅಧಿನಿಯಮದ 75ನೇ ಕಲಂ, ನೋಡುವ ಹಕ್ಕಿರುವವರಿಗೆ ದೃಢೀಕೃತ ನಕಲು ಕೊಡಬೇಕೆನ್ನುತ್ತವೆ. ದಾವೆಯ ಪಕ್ಷಗಾರರಿಗೆ ಇದು ಸುಲಭ. ನಕಲು ಅರ್ಜಿ, ಅದರ ಮೇಲೆ ಕೋರ್ಟ್ ಫೀ, ದಾವೆಯ ನಂಬರು, ಯಾವ ಯಾವ ಕಾಗದ ಬೇಕು ಎಂಬ ಪಟ್ಟಿ, ಇಷ್ಟು ಸಾಕು.

ಪಕ್ಷಗಾರರಲ್ಲದವರು ಯಾಕೆ ಬೇಕು ಎಂಬ ಕಾರಣವನ್ನು ಪ್ರಮಾಣಪತ್ರದಲ್ಲಿ ಹೇಳಿ ಕೋರ್ಟಿನ ಅನುಮತಿ ಪಡೆಯಬೇಕು. ಮೊಮ್ಮಕ್ಕಳಾದರೆ ಪಕ್ಷಗಾರರ ಮರಣಪತ್ರ, ತಮ್ಮ ಸಂಬಂಧ ತೋರಿಸುವ ವಂಶವೃಕ್ಷ ಜೊತೆಗಿಡುವುದು ಒಳ್ಳೆಯದು. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಆಗದೇ ಎಂದು ನಮ್ಮಂಥ ಪತ್ರಿಕೋದ್ಯಮದವರಿಗೆ ಮೊದಲು ತೋಚುತ್ತದೆ. ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಕೋರ್ಟಿನ ಕಡತದ ನಕಲಿಗೆ ಕೋರ್ಟಿನ ನಿಯಮದ ದಾರಿಯಲ್ಲೇ ಬರಬೇಕು, ಮಾಹಿತಿ ಹಕ್ಕಿನ ದಾರಿಯಲ್ಲಲ್ಲ.

ತೀರ್ಪು ಮಾತ್ರ ಕೇಳಿ ಸುಮ್ಮನಾಗಬೇಡಿ. ತೀರ್ಪು ನ್ಯಾಯಾಧೀಶರ ಮಾತು. ವಾದಪತ್ರ, ಪ್ರತಿವಾದಿಯ ಕೈಫಿಯತ್ತು, ಸಾಕ್ಷಿಗಳ ಹೇಳಿಕೆ, ದಾಖಲೆಗಳ ಪಟ್ಟಿ, ಕಮಿಷನರ ವರದಿ, ಇವುಗಳಲ್ಲಿ ಊರು ಮಾತಾಡುತ್ತದೆ. ಆದರೆ ಕೋರ್ಟಿನ ಹೇಳಿಕೆಗೆ ಒಂದು ಸ್ವಭಾವವಿದೆ. ಅದು ವಕೀಲರ ಪ್ರಶ್ನೆಗೆ ಬಂದ ಉತ್ತರ, ಗೆಲ್ಲಲು ಆಡಿದ ಮಾತು. ಮುತ್ತಜ್ಜ ಕುಡುಕ ಎಂದು ಒಂದು ಕಡೆಯವರು ಹೇಳಿದ್ದು ಇತಿಹಾಸವಾಗಿಬಿಡುವುದಿಲ್ಲ. ಎರಡೂ ಕಡೆಯವರು ಒಪ್ಪಿದ ಸಂಗತಿಗಳೇ ಹೆಚ್ಚು ಗಟ್ಟಿ. ಮೂಲ ದಸ್ತಾವೇಜುಗಳು ದಾವೆ ಮುಗಿದ ಮೇಲೆ ಹಾಜರುಪಡಿಸಿದವರಿಗೆ ಮರಳಿ ಹೋಗಿರಬಹುದು ಎಂಬುದೂ ನೆನಪಿರಲಿ.

ಕಡತ ಸಿಗದಿದ್ದರೆ ಬಾಯಿಮಾತಿನ ‘ಇಲ್ಲ’ ಕೇಳಿಕೊಂಡು ಬರಬೇಡಿ, ಹಿಂಬರಹ ಕೇಳಿ. 1917ರ ದಾಖಲೆ ನಾಶ ಕಾಯ್ದೆಯಡಿ ಹಳೆಯ ಕಡತಗಳನ್ನು ನಿಯಮ ಪ್ರಕಾರ ನಾಶಪಡಿಸಲು ಅವಕಾಶವಿದೆ. ತೀರ್ಪು, ಡಿಕ್ರಿಗಳು ಹೆಚ್ಚು ಕಾಲ ಉಳಿಯುತ್ತವೆ. ಅರ್ಜಿ, ಹೇಳಿಕೆಗಳಂಥ ಭಾಗಗಳು ಮೊದಲು ಹೋಗುತ್ತವೆ. ಅಂದರೆ ಊರಿನ ದನಿಯೇ ಮೊದಲು ಸುಟ್ಟುಹೋಗುವುದು. ಮೂಲ ನಾಶವಾಗಿದೆ ಎಂಬ ಲಿಖಿತ ಉತ್ತರವಿದ್ದರೆ ಮನೆಯಲ್ಲಿರುವ ಹಳೆಯ ನಕಲಿಗೆ ಮುಂದೆ ಬೆಲೆ ಬರುತ್ತದೆ.

ಬರೆಯಬಾರದ್ದು

ಸಿಕ್ಕಿದ್ದೆಲ್ಲ ಪ್ರಕಟಿಸುವಂಥದ್ದಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಪ್ರಕಾರ ಆ ಕಾಯ್ದೆಯಡಿಯ ವಿಚಾರಣೆ ಗೋಪ್ಯ. ಅದರ ವಿವರ ಅಚ್ಚುಹಾಕುವುದು, ಪ್ರಕಟಿಸುವುದು ಅಪರಾಧ, 1000 ರೂಪಾಯಿವರೆಗೆ ದಂಡವಿದೆ. ಕೋರ್ಟಿನ ಅನುಮತಿಯಿಂದ ಅಚ್ಚಾದ ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳಿಗಷ್ಟೇ ವಿನಾಯಿತಿ. ಕೌಟುಂಬಿಕ ನ್ಯಾಯಾಲಯದಲ್ಲೂ ಪಕ್ಷಗಾರರಲ್ಲಿ ಒಬ್ಬರು ಕೇಳಿದರೆ ಮುಚ್ಚಿದ ಬಾಗಿಲಿನ ವಿಚಾರಣೆ ನಡೆಯಬೇಕು. ನೂರು ವರ್ಷದ ಹಿಂದಿನ ಕಡತಕ್ಕೆ ಕಾನೂನಿನ ತೊಡಕಿಲ್ಲದಿದ್ದರೂ, ಉಡಿಕೆಯ ಆರೋಪ ಹೊತ್ತವಳ ಮರಿಮಕ್ಕಳು ಅದೇ ಓಣಿಯಲ್ಲಿರುತ್ತಾರೆ. ಊರಿನ ಇತಿಹಾಸ ಬರೆಯಲು ಎಲ್ಲ ಸಲವೂ ಮನೆಯ ಹೆಸರು ಬೇಕಾಗುವುದಿಲ್ಲ.

ಈ ಕಾಗದ ಯಾಕೆ ಇಂದಿಗೂ ಬೇಕು

ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆದರೂ 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿದ್ದ ಪಾಲನ್ನು ಅದು ಕೆದಕುವುದಿಲ್ಲ. ಆ ಪಾಲು ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆಗಿರಬೇಕು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ‘ಬಾಯಿಮಾತಿನಲ್ಲಿ ಪಾಲಾಗಿತ್ತು’ ಎಂಬ ವಾದವನ್ನು ಸುಲಭವಾಗಿ ಒಪ್ಪುವಂತಿಲ್ಲ, ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಪ್ರಕರಣದಲ್ಲಿ ಮಾತ್ರ ಒಪ್ಪಬಹುದು ಎಂದಿತು.

ಹಾಗಾಗಿ ನಮ್ಮ ಊರುಗಳಲ್ಲಿ ಇಂದು ಅಕ್ಕ ಪಾಲು ಕೇಳಿದಾಗ ತಮ್ಮ ಹೇಳುವ ‘ಅಜ್ಜನ ಕಾಲದಲ್ಲೇ ಕೋರ್ಟಿನಲ್ಲಿ ಪಾಲಾಗಿದೆ’ ಎಂಬ ಮಾತು ನಿಜವೋ ಅಲ್ಲವೋ ಎಂದು ತೀರ್ಮಾನಿಸುವುದು ಒಂದು ಹಳೆಯ ಕಡತ. ಅದು ಅಕ್ಕನ ಪರವಾಗಿಯೂ ಇರಬಹುದು, ತಮ್ಮನ ಪರವಾಗಿಯೂ ಇರಬಹುದು. ಆ ಪಾಲಿನಲ್ಲಿ ಅಜ್ಜಿಯ ಹೆಸರಿತ್ತೇ, ಅವಳಿಗೆ ಬಂದ ಎರಡು ಎಕರೆ ಎಲ್ಲಿ ಹೋಯಿತು ಎಂಬುದಕ್ಕೂ ಉತ್ತರ ಅಲ್ಲೇ.

ತಾಲ್ಲೂಕು ಕೋರ್ಟುಗಳ ಹಳೆಯ ದಾವೆ ರಿಜಿಸ್ಟರುಗಳನ್ನಾದರೂ ಸ್ಕ್ಯಾನ್ ಮಾಡಿ ಉಳಿಸಬೇಕೆಂದು ವಕೀಲರ ಸಂಘಗಳು, ಇತಿಹಾಸ ವಿಭಾಗಗಳು, ನಮ್ಮಂಥ ಬರೆಯುವವರು ಸೇರಿ ಕೇಳಬೇಕಾಗಿದೆ. ಕಡತವೇ ಹೋದರೂ ರಿಜಿಸ್ಟರಿನ ಆ ಒಂದು ಸಾಲಿನಲ್ಲಿ ಯಾರು, ಯಾರ ಮೇಲೆ, ಯಾವುದಕ್ಕಾಗಿ, ಏನು ತೀರ್ಮಾನ ಎಂಬುದು ಉಳಿದಿರುತ್ತದೆ. ಅಲ್ಲಿಯವರೆಗೆ ಮನೆಯ ಹಿರಿಯರನ್ನು ಕೂರಿಸಿ ಮೂರು ಸಂಗತಿ ಕೇಳಿ ಬರೆದಿಡಿ. ಜಗಳ ಯಾವ ಹೊಲದ್ದು, ಸರ್ವೆ ನಂಬರೇನು? ಆ ವರ್ಷ ಊರಲ್ಲಿ ಏನಾಗಿತ್ತು, ಬರವೋ, ಪ್ಲೇಗೋ, ಯಾರ ಮದುವೆಯೋ? ಎತ್ತಿನ ಗಾಡಿ ಕಟ್ಟಿಕೊಂಡು ವಾಯಿದೆಗೆ ಹೋಗುತ್ತಿದ್ದದ್ದು ಯಾವ ಊರಿಗೆ? ಈ ಮೂರು ಗೊತ್ತಾದರೆ ಕೋರ್ಟು, ವರ್ಷ, ಖಾತೆ ಮೂರೂ ಸಿಕ್ಕಹಾಗೆ. ಉಳಿದದ್ದನ್ನು ರೆಕಾರ್ಡ್ ರೂಮಿನಲ್ಲಿ ಹುಡುಕಬಹುದು.